ಕಿವಿಗೆ ಕೈ ಮುಟ್ಟಿದ ವರ್ಷ

ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿದ್ದು ನನಗೆ ನೆನಪಿದೆ. ಹರಳೆಣ್ಣೆ ಹಚ್ಚಿದ ತಲೆಯ ಮೇಲೆ ತೋಳು ಜಾರುತ್ತಿತ್ತು. ಬೆರಳ ತುದಿಗೆ ಕಿವಿ ತಣ್ಣಗೆ ಸಿಕ್ಕಿತು. ಎದುರಿಗೆ ಹೆಡ್‌ಮೇಷ್ಟ್ರ ಬಿಳಿ ಪಂಚೆ, ಅದರ ಹಿಂದೆ ಹಳದಿ ಗೋಡೆ.

ಸಂತೆಬಾಚಹಳ್ಳಿ ಕಡೆಯ ನಮ್ಮೂರಲ್ಲಿ ಆಗ ಶಾಲೆಗೆ ಸೇರಿಸಲು ಹೋದವರನ್ನು ಯಾರೂ ಜನನ ಪತ್ರ ಕೇಳುತ್ತಿರಲಿಲ್ಲ. ಕೈ ಕಿವಿಗೆ ಎಟುಕಿದರೆ ಮಗುವಿಗೆ ಆರು ವರ್ಷ ತುಂಬಿದೆ ಎಂದು ಅರ್ಥ. ಎಟುಕದಿದ್ದರೆ ಮುಂದಿನ ವರ್ಷ ಬಾ. ಎಟುಕಿದವರಿಗೆ ಮೇಷ್ಟ್ರು ಬೆರಳು ಮಡಿಸಿ ಹಿಂದಕ್ಕೆ ಎಣಿಸಿ ಒಂದು ಇಸವಿ ಹಾಕಿ, ಜೂನ್ ಒಂದನೇ ತಾರೀಖು ಎಂದು ಬರೆಯುತ್ತಿದ್ದರು. ನಮ್ಮ ತರಗತಿಯ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೇ. ಹೈಸ್ಕೂಲಿಗೆ ಹೋದ ಮೇಲೂ ಇದರಲ್ಲಿ ವಿಚಿತ್ರವಿದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಅವ್ವನ ಪ್ರಕಾರ ಆವತ್ತು ನನಗೆ ಬರೀ ಐದು. ಎತ್ತರದ ಮಗು, ತೋಳು ಉದ್ದ, ಹಾಗಾಗಿ ಕೈ ಎಟುಕಿತು. ಒಂದು ವರ್ಷ ಹೆಚ್ಚಾಗಿ ದಾಖಲೆಗೆ ಹೋದೆ.

ನನ್ನ ತೊಂದರೆಯೆಂದರೆ ಆ ಹಳದಿ ಗೋಡೆ. ನಾನು ಸೇರಿದಾಗ ಶಾಲೆಗೆ ಬಿಳಿ ಸುಣ್ಣ ಬಳಿದಿದ್ದರು. ಹಳದಿ ಬಳಿದದ್ದು ನಾನು ಏಳನೇ ತರಗತಿಯಲ್ಲಿದ್ದಾಗ. ಬಣ್ಣದ ಡಬ್ಬ ಹೊತ್ತವರಲ್ಲಿ ನಾನೂ ಒಬ್ಬ. ಹಾಗಾದರೆ ನನ್ನ ನೆನಪಿನೊಳಗಿನ ಆ ಕಿವಿ ಯಾರದು? ಇತಿಹಾಸದಲ್ಲಿ ಎಂ.ಎ. ಮಾಡಿ, ಸಾಕ್ಷ್ಯವನ್ನು ಅನುಮಾನಿಸುವುದೇ ಮೊದಲ ಪಾಠವೆಂದು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವನಿಗೆ, ತನ್ನ ವಯಸ್ಸಿಗೆ ತಾನೇ ಸಾಕ್ಷಿಯಾಗಬೇಕಾಗಿ ಬಂದಾಗ ಗೋಡೆಯ ಬಣ್ಣವೂ ನೆಟ್ಟಗಿರಲಿಲ್ಲ.

ಈ ಪ್ರಶ್ನೆ ಎದ್ದದ್ದು ಎರಡು ವರ್ಷದ ಹಿಂದೆ. ನಾಗಮಂಗಲದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ತಾತ್ಕಾಲಿಕ ಉಪನ್ಯಾಸಕ. ಪ್ರತಿ ಜೂನ್‌ನಲ್ಲಿ ಕರೆಯುವುದು, ಪ್ರತಿ ಮಾರ್ಚ್‌ನಲ್ಲಿ ಬಿಡುವುದು. ಆ ವರ್ಷ ಆಡಳಿತ ಮಂಡಳಿಯವರು ಎರಡು ಹುದ್ದೆಗಳನ್ನು ಕಾಯಂ ಆಗಿ ತುಂಬಲು ಹೊರಟರು. ಒಂದು ಇತಿಹಾಸ, ಒಂದು ಕನ್ನಡ. ಇತಿಹಾಸ ಹೇಳುತ್ತಿದ್ದವನು ನಾನು. ಕನ್ನಡ ಹೇಳುತ್ತಿದ್ದವಳು ನಮ್ಮೂರವಳೇ, ಗೂರ್ಖನ ಮಗಳು.

ಅವಳ ಅಪ್ಪ ನೇಪಾಳದಿಂದ ಬಂದವನು. ನಮ್ಮೂರಿನ ನಾಲ್ಕೈದು ಮನೆಯವರು ಸೇರಿ ತೆಂಗಿನ ತೋಟಗಳಿಗೂ ಆಲೆಮನೆಗೂ ಕಾವಲಿಗಿಟ್ಟುಕೊಂಡಿದ್ದರು. ಹೆಂಡತಿಯನ್ನೂ ಅಲ್ಲಿಂದಲೇ ಕರೆತಂದ. ಮಗಳು ಹುಟ್ಟಿದ್ದು ನಮ್ಮ ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಕೊಪ್ಪರಿಗೆಯ ಒಲೆ ಉರಿಯುತ್ತಿದ್ದಾಗ. ಬೆಳೆದದ್ದು ನಮ್ಮ ಕೇರಿಯಲ್ಲಿ. ಕಾಲೇಜಿನಲ್ಲಿ ನನ್ನನ್ನು ಸರ್ ಎನ್ನುತ್ತಿದ್ದಳು, ಗೇಟು ದಾಟಿದ ಕೂಡಲೇ ಅಣ್ಣ. ಹಳಗನ್ನಡ ಪದ್ಯವನ್ನು ಅವಳು ಓದುವಾಗ ಪಕ್ಕದ ಕೋಣೆಯಲ್ಲಿ ನಾನು ಪಾಠ ನಿಲ್ಲಿಸಿ ಕೇಳಿದ್ದುಂಟು.

ಕಾಯಂ ಹುದ್ದೆಯ ಷರತ್ತುಗಳನ್ನು ನೋಟಿಸ್ ಬೋರ್ಡಿಗೆ ಹಾಕಿದ ದಿನ ಪ್ರಾಂಶುಪಾಲರು ನಮ್ಮಿಬ್ಬರನ್ನೂ ಕರೆದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ.

"ಸರ್, ನಿಮ್ದು ವಯೋಮಿತಿ ದಾಟೋಗದೆ. ಜಾಸ್ತಿ ಏನಲ್ಲ, ಒಂದಷ್ಟು ತಿಂಗಳು. ಮೇಡಂ, ನಿಮ್ದು ಬೇರೆ ತರ," ಎಂದು ಅವಳ ಶಾಲೆಯ ವರ್ಗಾವಣೆ ಪತ್ರ ತಿರುಗಿಸಿದರು. ಅದರಲ್ಲಿ ರಾಷ್ಟ್ರೀಯತೆ ಎಂಬಲ್ಲಿ ನಮ್ಮ ಹಳೆಯ ಹೆಡ್‌ಮೇಷ್ಟ್ರ ದುಂಡು ಅಕ್ಷರದಲ್ಲಿ 'ನೇಪಾಳಿ' ಎಂದಿತ್ತು.

"ಇಷ್ಟು ವರ್ಷ ಯಾರೂ ನೋಡಿರಲಿಲ್ವಾ?" ಎಂದೆ.

"ತಾತ್ಕಾಲಿಕದೋರ ಕಾಗ್ದ ಯಾರು ನೋಡ್ತಾರೆ ಸರ್."

ಅವಳು ಆಧಾರ್ ಇದೆ, ವೋಟಿನ ಚೀಟಿ ಇದೆ ಎಂದಳು. ಅವು ಸಾಲವು ಎಂದು ಮಂಡಳಿಯ ವಕೀಲರು ಹೇಳಿದ್ದರಂತೆ. ಆದರೆ ಒಂದು ದಾರಿಯನ್ನೂ ಹೇಳಿದ್ದರು. ಎಂಬತ್ತೇಳರ ಜುಲೈಗೆ ಮೊದಲು ಈ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಎಲ್ಲಿಯವರೇ ಆಗಿರಲಿ, ಕಾನೂನಿನಂತೆ ಇಲ್ಲಿನ ಪೌರರು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಇಲ್ಲಿಯವರಾಗಿರಬೇಕು. ಅವಳ ದಾಖಲೆಯಲ್ಲಿದ್ದದ್ದು ಎಂಬತ್ತೆಂಟರ ಜೂನ್ ಒಂದು.

"ನಾನು ಹುಟ್ಟಿದ್ದು ಎಂಬತ್ತೇಳರ ಸಂಕ್ರಾಂತಿ ಹಿಂದುಮುಂದು ಸರ್. ಚಿಕ್ಕ ಮಗು, ಕೈ ಕಿವಿಗೆ ಮುಟ್ಟಲಿಲ್ಲ ಅಂತ ವಾಪಸ್ ಕಳಿಸಿದ್ರು. ಮುಂದಿನ ವರ್ಷ ಸೇರಿಸ್ಕೊಂಡು ಆಗ ಆರು ವರ್ಷ ಅಂತ ಬರೆದ್ರು."

ಪ್ರಾಂಶುಪಾಲರು ನಮ್ಮಿಬ್ಬರನ್ನೂ ಒಂದು ಕ್ಷಣ ನೋಡಿ ನಕ್ಕುಬಿಟ್ಟರು. ನಗದೆ ಇನ್ನೇನು ಮಾಡುತ್ತಾರೆ? ಕೈ ಎಟುಕಿದ್ದಕ್ಕೆ ನಾನು ಮುದುಕನಾಗಿದ್ದೆ, ಎಟುಕದ್ದಕ್ಕೆ ಅವಳು ಪರದೇಶಿಯಾಗಿದ್ದಳು.

"ಆ ಮೇಷ್ಟ್ರು ಇದಾರಾ?"

ಪಾಂಡವಪುರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದೆ.

"ಅಂಗಾದ್ರೆ ಅವ್ರತ್ರ ಒಂದು ಪ್ರಮಾಣಪತ್ರ ಮಾಡಿಸ್ಕೊಂಬಂದ್ಬುಡಿ. ಇಂಥ ವರ್ಷ ಕಿವಿ ಮುಟ್ಟಿಸಿ ನೋಡಿ ಅಂದಾಜಿಗೆ ಬರೆದೆ ಅಂತ. ಕಾರ್ಯದರ್ಶಿಗಳಿಗೆ ನಾನು ಹೇಳ್ತೀನಿ."

ಆ ಸಂಜೆ ಅವ್ವನನ್ನು ಕೂರಿಸಿಕೊಂಡು ಕೇಳಿದೆ. ಅವರೆಕಾಯಿ ಸುಲಿಯುತ್ತಿದ್ದಳು.

"ಗೂರ್ಖನ ಕೂಸು ಉಟ್ಟಿದ್ದು ಯಾವ ವರ್ಷ ಅವ್ವ?"

"ವರ್ಷ ಯಾರಿಗ್ ಬೇಕ್ಲಾ. ನಮ್ ಕೆಂದಸ ಅವಳಿ ಕರ ಆಕಿತ್ತಲ್ಲ, ಆ ವರ್ಷ. ಕಬ್ಬು ಅರೀತಿದ್ರು. ನಾನೇ ಮೈ ತೊಳ್ದೆ."

"ನಾನು ಆವಾಗ ಸ್ಕೂಲಿಗೆ ಹೋಯ್ತಿದ್ನಾ?"

"ಎಲ್ಲಿ? ನನ್ ಸೆರಗು ಇಡ್ಕೊಂಡು ಆಲೆಮನೆ ಬಾಗ್ಲಲ್ಲಿ ನಿಂತಿದ್ದೆ. ಆ ಮಳೆಗಾಲ ಸೇರ್ಸಿದ್ದು ನಿನ್ನ."

ಇದು ಸರಿಹೊಂದುತ್ತಿತ್ತು. ಆದರೆ ನಾನು ಚಿಕ್ಕವನಿದ್ದಾಗ ಅವ್ವ ಹೇಳುತ್ತಿದ್ದ ಕಥೆಯಲ್ಲಿ ಆ ಅವಳಿ ಕರುಗಳಲ್ಲಿ ಒಂದು ಸತ್ತಿತ್ತು. ಈಗ ಎರಡೂ ಬದುಕಿದ್ದವು. ಅದನ್ನು ಎತ್ತಿದರೆ, "ನಿನ್ನ ಓದ್ಸಿದ್ದೇ ತೆಪ್ಪಾಯ್ತು ಬುಡು, ಸತ್ತ ಕರಿಗೂ ಪುರಾವೆ ಕೇಳ್ತೀಯ," ಎಂದು ಅವರೆಕಾಯಿ ಸಿಪ್ಪೆಯನ್ನು ನನ್ನ ಕಡೆ ತಳ್ಳಿದಳು.

ಅವ್ವನ ಮಾತು ಹೇಗೂ ನಡೆಯುತ್ತಿರಲಿಲ್ಲ. ಅವಳಿಗೆ ಸಹಿ ಹಾಕಲು ಬಾರದು, ಮೇಲಾಗಿ ಹೆತ್ತವಳು. ಮೇಷ್ಟ್ರೇ ಆಗಬೇಕು.

ಭಾನುವಾರ ಇಬ್ಬರೂ ಪಾಂಡವಪುರಕ್ಕೆ ಹೊರಟೆವು. ಕೆ.ಆರ್. ಪೇಟೆಯ ಸ್ಟ್ಯಾಂಡಿನಲ್ಲಿ ಅವಳು ಹತ್ತಿ ನನಗೊಂದು ಸೀಟು ಹಿಡಿದಿದ್ದಳು. ಕಂಡಕ್ಟರು ಅವಳನ್ನು ನೋಡಿ ಹಿಂದಿಯಲ್ಲಿ ಎಲ್ಲಿಗೆ ಎಂದು ಕೇಳಿದ. "ಪಾಂಡವಪುರಕ್ಕೆ ಆಧಾರ್ ಫ್ರೀ ಟಿಕೆಟ್ ಕೊಡಪ್ಪ, ಹಿಂದೀಲೇ ಹರಿದ್ರೂ ಪರವಾಗಿಲ್ಲ," ಎಂದಳು. ಹಿಂದಿನ ಸೀಟಿನ ಹೆಂಗಸೊಬ್ಬಳು ನಕ್ಕಳು. ಇವಳು ನಗಲಿಲ್ಲ, ದಿನಕ್ಕೆರಡು ಬಾರಿ ಹೇಳುವ ಮಾತು ಅದು.

ದಾರಿಯುದ್ದಕ್ಕೂ ನಾನೇ ಮಾತಾಡಿದೆನೆಂದು ಕಾಣುತ್ತದೆ. ನನಗೆ ಕೆಲಸ ಸಿಗದ ಕಥೆಗಳು. ಮೊದಮೊದಲು ಅನುಭವ ಇಲ್ಲ ಎಂದರು. ನಂತರ ಅನುಭವ ಜಾಸ್ತಿಯಾಯಿತು, ಅಷ್ಟು ಸಂಬಳ ಕೊಡಲಾರೆವು ಎಂದರು. ಕಡಿಮೆಗೇ ಬರುತ್ತೇನೆ ಎಂದಾಗ ಒಬ್ಬ ಹುಡುಗ, ನನ್ನದೇ ವಿದ್ಯಾರ್ಥಿಯ ವಯಸ್ಸಿನವನು, ನಮಗೆ ಚುರುಕಾದವರು ಬೇಕು ಸರ್ ಎಂದು ನೀರಿನ ಲೋಟ ಮುಂದಿಟ್ಟ. ಇವುಗಳ ನಡುವೆ ಸರಿಯಾದ ವಯಸ್ಸೊಂದು ಇದ್ದಿರಬೇಕು. ಅದು ಯಾವ ವರ್ಷ ಬಂದು ಹೋಯಿತೋ ನನಗೆ ತಿಳಿಯಲಿಲ್ಲ.

"ನಿಮ್ಮ ವಯಸ್ಸಾದ್ರೂ ಒಂದಿನ ಸರಿ ಇತ್ತು ಅಣ್ಣ," ಎಂದಳು. ಇಡೀ ದಾರಿಯಲ್ಲಿ ಅವಳು ಆಡಿದ್ದರಲ್ಲಿ ನನಗೆ ಉಳಿದಿರುವುದು ಇದೊಂದೇ.

ಮೇಷ್ಟ್ರು ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ತೊಂಬತ್ತರ ಹತ್ತಿರ ಇರಬಹುದು. ಅದೇ ಬಿಳಿ ಪಂಚೆ ಎನ್ನಲು ಮನಸ್ಸು ಬರುತ್ತದೆ, ಆದರೆ ಅವರು ಲುಂಗಿ ಉಟ್ಟಿದ್ದರು.

"ಏನ್ಲಾ, ನಿಮ್ಮಪ್ಪ ಚೆನ್ನಾಗವ್ನಾ?"

"ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತು ಸಾ."

"ಹೋಗ್ಬುಟ್ನಾ? ಒಳ್ಳೆ ಮನ್ಸ. ನಮ್ಮನೇಗೆ ವರ್ಷಾ ಬೆಲ್ಲ ಕಳಿಸ್ತಿದ್ದ." ಅವಳ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. "ಗೂರ್ಖನ ಕೂಸಲ್ವೇನವ್ವ ನೀನು?"

ನಾವು ಬಂದ ಕಾರಣ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ಹಳೆಯ ಹೆಡ್‌ಮೇಷ್ಟ್ರು ಎದ್ದು ಕೂತರು.

"ಎಲ್ಲಿ, ಮುಟ್ಟು ನೋಡಾನ," ಎಂದರು ನನಗೆ.

"ಈಗ್ಲಾ ಸಾ?"

"ಮತ್ತೆ ಯಾವಾಗ್ಲಾ?"

ಎದ್ದು ನಿಂತು ಕೈ ಎತ್ತಿದೆ. ಕೆಲವು ತಿಂಗಳಿಂದ ನನ್ನ ಬಲಭುಜ ಹಿಡಿದುಕೊಂಡಿತ್ತು. ಅಂಗಿ ಹಾಕುವಾಗಲೇ ಜೀವ ಹೋಗುತ್ತಿತ್ತು. ಕೈ ನೆತ್ತಿಯವರೆಗೆ ಬಂದು ನಿಂತಿತು. ಮುಂದಕ್ಕೆ ಹೋಗಲಿಲ್ಲ. ಬೆರಳುಗಳನ್ನು ಕೂದಲ ಮೇಲೆ ತೆವಳಿಸಿದೆ. ಕಿವಿ ಸಿಗಲಿಲ್ಲ.

"ಸ್ಕೂಲಿಗೆ ಸೇರೋ ವಯಸ್ಸಾಗಿಲ್ಲ ಕಣ್ಲಾ ನಿಂಗಿನ್ನೂ. ಬರೋ ವರ್ಷ ಬಾ," ಎಂದು ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು. ಅವಳೂ ನಕ್ಕಳು ಎಂದು ನಾನು ನಂಬಿದ್ದೆ. ಮೊನ್ನೆ ಕೇಳಿದಾಗ, ನಾನು ನಗಲಿಲ್ಲ ಅಣ್ಣ, ನೀವು ನಕ್ಕಿರಿ ಎಂದಳು.

ಆಮೇಲೆ ಅವಳಿಗೆ ಮುಟ್ಟು ಎಂದರು. ಅವಳು ಕೂತಲ್ಲೇ ಸಲೀಸಾಗಿ ಮುಟ್ಟಿದಳು. ಮೇಷ್ಟ್ರು ಅವಳ ಕೈಯನ್ನೇ ನೋಡುತ್ತಿದ್ದರು.

"ಆವತ್ತು ಮುಟ್ನಿಲ್ಲ," ಎಂದರು ಮೆಲ್ಲಗೆ. "ನೆಪ್ಪದೆ ಕಣವ್ವ. ನಿಮ್ಮಪ್ಪ ತಲೆ ಬಗ್ಗಿಸು ಬಗ್ಗಿಸು ಅಂತ ಅವ್ರ ಮಾತಲ್ಲಿ ಯೋಳ್ತಿದ್ದ. ನೀನು ಅತ್ಬುಟ್ಟೆ. ವಾಪಸ್ ಕಳಿಸ್ದೆ. ಮುಂದಿನ ವರ್ಷ ಬಂದಾಗ ಹಲ್ಲು ಬಿದ್ದಿತ್ತು ನಿಂಗೆ. ಏಳಾಗದೆ ಅಂತ ಗೊತ್ತಿತ್ತು. ಆರು ಅಂತ್ಲೇ ಬರ್ದೆ. ಎಲ್ಲಾರ್ಗೂ ಅಂಗೇ ಬರೀತಿದ್ದೆ."

ಇದಕ್ಕಿಂತ ಇನ್ನೇನು ಬೇಕು? ನಾನು ಕೈಚೀಲದಿಂದ ಹಾಳೆಗಳನ್ನು ತೆಗೆದೆ. ನೋಟರಿಯವರು ಹೇಳಿದಂತೆ ಇಬ್ಬರ ಪ್ರಮಾಣಪತ್ರವನ್ನೂ ಟೈಪ್ ಮಾಡಿಸಿ ತಂದಿದ್ದೆವು, ಮೇಷ್ಟ್ರು ಸಹಿ ಹಾಕಿದರೆ ಸಾಕಿತ್ತು.

ಮೇಲಿದ್ದದ್ದು ನನ್ನದು. ಅವರು ಕನ್ನಡಕ ಹಾಕಿಕೊಂಡು ಓದಿದರು.

"ನಿಂದು ನಂಗೆ ನೆಪ್ಪಿಲ್ಲ ಕಣ್ಲಾ. ನಿನ್ನಂಥ ಐಕ್ಳು ಎಷ್ಟೋ ಜನ. ಬುಡು, ನಿಮ್ಮಪ್ಪನ ಮಕ ನೋಡಿ ಆಕ್ತೀನಿ." ಸಹಿ ಹಾಕಿದರು. ಅದೇ ದುಂಡು ಅಕ್ಷರ, ಸ್ವಲ್ಪ ನಡುಗಿತ್ತು.

ಎರಡನೆಯದನ್ನು ಓದಿದರು. ಮತ್ತೆ ಮೊದಲಿಂದ ಓದಿದರು. ಆಮೇಲೆ ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಇದು ಬ್ಯಾಡ ಕಣವ್ವ."

"ನೆನಪಿದೆ ಅಂದ್ರಲ್ಲ ಸಾ?" ಎಂದಳು.

"ನೆಪ್ಪದೆ. ಆದ್ರೆ ಇದು ಬ್ಯಾರೆ ದೇಶದೋರ ಇಸ್ಯ. ಟೀವೀಲಿ ದಿನಾ ತೋರಿಸ್ತಾವ್ರೆ. ನಾಳೆ ಪೋಲೀಸ್ನೋರು ಬಂದು, ನೀನ್ಯಾಕಯ್ಯ ಬರ್ಕೊಟ್ಟೆ ಅಂದ್ರೆ, ನನ್ ಪಿಂಚಣಿ ಗತಿ ಏನು? ಮಗಳ ಮನೇಲಿರೋನು ನಾನು."

"ನಾನು ಬ್ಯಾರೆ ದೇಶದೋಳು ಅಂತ ಬರ್ದಿದ್ದು ನೀವೇ ಅಲ್ವಾ ಸಾ?"

"ನಿಮ್ಮಪ್ಪನ್ನ ಕೇಳ್ದೆ, ಅವ್ನು ಯೋಳ್ದ, ಬರ್ದೆ. ಸುಳ್ಳು ಬರ್ಯಕ್ಕಾಯ್ತದಾ?"

ಆ ಮಾತಿನಲ್ಲಿ ಅವರಿಗೆ ಏನೂ ಕೊಂಕು ಕಂಡಿರಲಿಲ್ಲ. ನಾನು ಹೇಳಿದೆ, ಈ ಕಾಗದದಲ್ಲಿರುವುದೂ ನಿಜವೇ ತಾನೇ, ನೀವೇ ಈಗ ಹೇಳಿದಿರಿ ಎಂದು. ಎರಡು ಮೂರು ಬಗೆಯಲ್ಲಿ ಹೇಳಿದೆ. ಮೇಷ್ಟ್ರು ನನ್ನ ಕಡೆ ನೋಡದೆ ಒಳಗೆ ಮಗಳನ್ನು ಕೂಗಿ ಕಾಫಿಗೆ ಹೇಳಿದರು. ಗೂರ್ಖನ ಮಗಳು ಕಾಫಿ ಕುಡಿದಳು. ಹೊರಡುವಾಗ ಬಾಗಿ ಅವರ ಕಾಲು ಮುಟ್ಟಿದಳು. ಅವರು ತಲೆಯ ಮೇಲೆ ಕೈಯಿಟ್ಟು, "ನನ್ ಸ್ಕೂಲಲ್ಲಿ ನಿನ್ನಂಗೆ ಪದ್ಯ ಓದೋ ಕೂಸು ಇನ್ನೊಂದಿರ್ನಿಲ್ಲ," ಎಂದರು. ಅದೂ ಅವರಿಗೆ ನೆನಪಿತ್ತು.

ಮುಂದಿನ ವಾರ ಸಂದರ್ಶನಕ್ಕೆ ನಾವಿಬ್ಬರೂ ಶ್ರೀರಂಗಪಟ್ಟಣಕ್ಕೆ ಹೋದೆವು, ಅವಳು ಪ್ರಮಾಣಪತ್ರವಿಲ್ಲದೆಯೇ. ಮಂಡಳಿಯ ಕಾರ್ಯದರ್ಶಿಗಳ ಮನೆ ಅಲ್ಲೇ. ಸಂದರ್ಶನವನ್ನೂ ಅವರ ಮನೆಯ ಮಹಡಿಯಲ್ಲೇ ಇಟ್ಟುಕೊಂಡಿದ್ದರು. ಕಿಟಕಿಯಿಂದ ಕರಿಘಟ್ಟ ಕಾಣುತ್ತಿತ್ತು. ಬೆಂಚಿನ ಮೇಲೆ ನಮ್ಮ ಜೊತೆ ಮೂರು ನಾಲ್ಕು ಮಂದಿ ಕಿರಿಯರು. ಅವರಲ್ಲೊಬ್ಬ ನನ್ನ ಶಿಷ್ಯ. ನನ್ನನ್ನು ನೋಡಿ ಎದ್ದು ನಿಂತವನು, ನಾನು ಯಾಕೆ ಬಂದಿದ್ದೇನೆಂದು ತಿಳಿದ ಮೇಲೆ ಮೊಬೈಲಿನೊಳಗೆ ತಲೆ ಹುದುಗಿಸಿದ.

ಕಾರ್ಯದರ್ಶಿಗಳಿಗೆ ಎಂಬತ್ತು ದಾಟಿತ್ತು. ಎದ್ದು ಕೂರಲು ಇಬ್ಬರ ಆಸರೆ ಬೇಕು. ನನ್ನ ಪ್ರಮಾಣಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಮೇಷ್ಟ್ರು ಅಕ್ಷರ ಚೆನ್ನಾಗದೆ. ಆದ್ರೆ ನಮ್ಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದೇ ಲೆಕ್ಕ. ಕಿವಿ ಮುಟ್ಟಿದ್ದು, ಮೂಗು ಮುಟ್ಟಿದ್ದು ನಡೆಯಲ್ಲ." ಪಕ್ಕದವರು ನಕ್ಕರು. "ಅದೂ ಅಲ್ದೆ, ಮಕ್ಳಿಗೆ ಹೊಸ ರಕ್ತ ಬೇಕು. ಈ ವಯಸ್ಸಲ್ಲಿ ನಿಮ್ಗೆ ಯಾಕ್ರೀ ಈ ಓಡಾಟ?"

ನನ್ನ ವಯಸ್ಸನ್ನು ಹೇಳಬೇಕೆಂದು ಬಾಯಿ ತೆರೆದೆ. ಯಾವ ವಯಸ್ಸನ್ನು ಹೇಳುವುದೆಂದು ತಿಳಿಯಲಿಲ್ಲ.

ಅವಳನ್ನು ಒಳಗೆ ಕರೆದದ್ದು ಕೊನೆಗೆ. ಬೇಗ ಹೊರಗೆ ಬಂದಳು. ಒಂದು ಕಾಗದವನ್ನೂ ಕೇಳಲಿಲ್ಲವಂತೆ. ಊರು ಯಾವುದು ಎಂದರು. ಸಂತೆಬಾಚಹಳ್ಳಿ ಕಡೆ ಎಂದಳು. ಅದಲ್ಲಮ್ಮ, ನಿಮ್ಮ ಮೂಲ ಊರು ಎಂದರು. ಅದೇ ಎಂದಳು. ಕನ್ನಡ ಚೆನ್ನಾಗಿ ಕಲಿತಿದ್ದೀರಿ ಎಂದು ಮೆಚ್ಚಿ ಕಳಿಸಿದರು.

"ನೀನೇನಂದೆ?"

"ನೀವೂ ಚೆನ್ನಾಗಿ ಕಲ್ತಿದೀರಿ ಸಾ ಅಂದೆ."

ಹಾಗೆ ಅಂದಳೋ, ಅನ್ನಬೇಕೆಂದುಕೊಂಡಳೋ ನನಗೆ ಗೊತ್ತಿಲ್ಲ. ಎರಡನೆಯ ಬಾರಿ ಕೇಳಿದಾಗ ಅವಳೂ ಖಚಿತವಾಗಿ ಹೇಳಲಿಲ್ಲ.

ಇತಿಹಾಸಕ್ಕೆ ನನ್ನ ಶಿಷ್ಯನೇ ಬಂದ. ಕನ್ನಡಕ್ಕೆ ಬಂದ ಹುಡುಗಿ ಒಳ್ಳೆಯವಳು, ಆದರೆ ಹಳಗನ್ನಡ ಬಿಡಿಸಿ ಓದಲು ತಡವರಿಸುತ್ತಿದ್ದಳು. ಮಾರ್ಚ್‌ವರೆಗೆ ನಮ್ಮ ಅವಧಿಯಿತ್ತು. ಆ ಕೊನೆಯ ವಾರಗಳಲ್ಲಿ ಗೂರ್ಖನ ಮಗಳು ಆ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಪದ್ಯಗಳನ್ನು ಎಲ್ಲಿ ಒಡೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಹೇಳಿಕೊಡುತ್ತಿದ್ದಳು. ಯಾಕೆ ಇದೆಲ್ಲ ಎಂದು ಕೇಳಿದೆ. "ಮಕ್ಕಳು ಏನ್ ಪಾಪ ಮಾಡವ್ರೆ ಅಣ್ಣ," ಎಂದಳು. ಜೂನ್‌ನಲ್ಲಿ ನಮ್ಮಿಬ್ಬರಿಗೂ ಕರೆ ಬರಲಿಲ್ಲ.

ಅವಳೀಗ ಕೆ.ಆರ್. ಪೇಟೆಯಲ್ಲಿ ತಮ್ಮನ ಗೋಬಿ ಗಾಡಿಯಲ್ಲಿ ಸಂಜೆ ನಿಲ್ಲುತ್ತಾಳೆ. ಹಗಲು ಮನೆಪಾಠ ಶುರು ಮಾಡಿದ್ದಳು. ಕನ್ನಡಕ್ಕೆ ಯಾರು ಮನೆಪಾಠಕ್ಕೆ ಕಳಿಸುತ್ತಾರೆ? ಇಂಗ್ಲಿಷ್ ಹೇಳಿಕೊಡುತ್ತೀರಾ ಎಂದು ಕೇಳಿಕೊಂಡು ಬಂದವರೇ ಹೆಚ್ಚು. ಅದೂ ನಿಂತಿತು. ಮೊನ್ನೆ ಗಾಡಿಯ ಹತ್ತಿರ ಹೋಗಿದ್ದೆ. ನಮ್ಮ ಕಾಲೇಜಿನ ಹುಡುಗರು ಅವಳನ್ನು ಕಂಡು ಮೇಡಂ ಎನ್ನುವುದೋ ಬೇಡವೋ ತಿಳಿಯದೆ ಪ್ಲೇಟು ಹಿಡಿದು ಆಚೆ ಹೋಗಿ ನಿಂತರು. ಅವಳ ಕಾಗದ ಏನಾಯಿತೆಂದು ಕೇಳಿದೆ. ಮೇಷ್ಟ್ರು ತೊಡೆಯ ಮೇಲಿಂದ ವಾಪಸ್ ಕೊಡಲೇ ಇಲ್ಲ ಎಂದಳು. ಕೊಟ್ಟರು, ನಾನೇ ಚೀಲಕ್ಕೆ ಹಾಕಿದೆ ಎಂದು ನನ್ನ ನೆನಪು. ಮನೆಗೆ ಬಂದು ಚೀಲ ಹುಡುಕಿದೆ. ಇರಲಿಲ್ಲ. ಮೇಷ್ಟ್ರನ್ನು ಕೇಳುವಂತಿಲ್ಲ, ನಮಗೆ ಕರೆ ಬಾರದ ಆ ಮಳೆಗಾಲದಲ್ಲೇ ತೀರಿಕೊಂಡರು.

ನನ್ನ ಭುಜ ಇನ್ನೂ ಬಿಟ್ಟಿಲ್ಲ. ಆದಿಚುಂಚನಗಿರಿ ಕಡೆ ಹೋಗಿ ಡಾಕ್ಟರಿಗೆ ತೋರಿಸಿದೆ. ಈ ವಯಸ್ಸಿಗೆ ಇದೆಲ್ಲ ಬರುತ್ತದೆ ಎಂದು, ಯಾವ ವಯಸ್ಸೆಂದು ಕೇಳದೆ, ಅಭ್ಯಾಸ ಹೇಳಿಕೊಟ್ಟರು. ಬೆಳಿಗ್ಗೆ ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸಬೇಕು. ಆಮೇಲೆ ಕೈಯನ್ನು ತಲೆಯ ಮೇಲಿಂದ ತಂದು ಆಚೆ ಕಿವಿಯ ಕಡೆಗೆ ಎಳೆಯಬೇಕು.

ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಹೊತ್ತಿಗೆ ನಡುಮನೆಯಲ್ಲಿ ನಿಂತು ಅದನ್ನೇ ಮಾಡುತ್ತೇನೆ. ಅವ್ವ ಒರಳುಕಲ್ಲಿನ ಹತ್ತಿರ ಕೂತು ನೋಡುತ್ತಿರುತ್ತಾಳೆ.

"ಮುಟ್ತೇನ್ಲಾ?"

"ಇಲ್ಲ ಅವ್ವ."

"ಅವತ್ತು ಎಂಗೆ ಮುಟ್ಟಿದ್ದೆ ನೀನು," ಎನ್ನುತ್ತಾಳೆ. ಆಮೇಲೆ, "ಮುಟ್ಟಿದ್ದು ನೀನೇ ತಾನೆ?" ಎಂದು ಕೇಳುತ್ತಾಳೆ.